ಐದು ಗಂಟೆಯ ದನಿ

ಆಂದ್ರೋತ್ ದ್ವೀಪ, ಲಕ್ಷದ್ವೀಪ
5 ಏಪ್ರಿಲ್ 2020

ಪರಕ್ಕಡವು ಐದನೇ ವಾರ್ಡಿನ ಆರೋಗ್ಯ ಸ್ವಯಂಸೇವಕಿಯೂ ನನಗೆ ನಿಶ್ಚಯವಾದ ವಧುವೂ ಆದ ಕುಮಾರಿ ಪ್ರಜಿನಾ ಅವರ ಸನ್ನಿಧಿಗೆ,

ನಾಗರಿಕರೇ, ಗಮನವಿಟ್ಟು ಕೇಳಿ. ನಿಮ್ಮ ಲಿಜೇಶ ಕ್ಷೇಮವಾಗಿದ್ದಾನೆ. ಒಂದು ಮದುವೆಗೆ ಮೈಕು ಕಟ್ಟಲೆಂದು ಎರಡು ಹಾರ್ನು, ಒಂದು ಆಂಪ್ಲಿಫೈಯರು, ಮೂರು ಅಂಗಿಗಳೊಂದಿಗೆ ಹಡಗು ಹತ್ತಿದ ಈ ಮಹಾಶಯ, ಮದುವೆ ಮುಗಿದು, ಬಿರಿಯಾನಿ ಮುಗಿದು, ಕೊನೆಗೆ ಹಡಗುಗಳೂ ಮುಗಿದು, ಈಗ ಸಮುದ್ರದ ನಡುವೆ ಮೂರನೇ ಅಂಗಿಯಲ್ಲಿ ನಿಂತಿದ್ದಾನೆ. ಲಾಕ್‌ಡೌನ್ ಮುಗಿಯುವವರೆಗೆ ಪ್ರಯಾಣಿಕರಿಗೆ ಹಡಗಿಲ್ಲವಂತೆ. ಮುತ್ತುಕೋಯ ಎಂಬ ಪುಣ್ಯಾತ್ಮರು ತಮ್ಮ ಜಗಲಿ ಕೊಟ್ಟಿದ್ದಾರೆ.

ನಾನು ದೋಣಿಯಿಂದ ಬಗ್ಗಿದಾಗ ಫೋನು ನೀರಿಗೆ ಬಿತ್ತು. ನನಗೆ ಬರಬೇಕಾದ ಕರೆಗಳೆಲ್ಲ ಈಗ ಯಾವುದೋ ಆಮೆಗೆ ಹೋಗುತ್ತಿರಬೇಕು. ಕೋಯಾರ ಫೋನಿನಿಂದ ನಿನಗೆ ಹಚ್ಚಿದರೆ ಏನಾಯಿತು, ನೆನಪಿದೆಯೆ?

"ಹಲೋ, ಐದನೇ ವಾರ್ಡ್ ಸಹಾಯವಾಣಿ. ಜ್ವರ ಇದ್ಯಾ, ಕೆಮ್ಮು ಇದ್ಯಾ, ಅಕ್ಕಿ ಬೇಕಾ?"

"ಪ್ರಜೀ, ನಾನು ಕಣೇ."

"ನಾನು ಅಂದ್ರೆ ಯಾರು? ಮನೆ ನಂಬರ್ ಹೇಳಿ."

"ನಿನ್ನ ಮದ್ವೆ ಆಗೋನು!"

"ಲಿಜೇಶಾ, ಈ ಲೈನಲ್ಲಿ ಡಯಾಲಿಸಿಸ್‌ನೋರು ಕಾಯ್ತಿದಾರೆ. ಇಡು."

ಇಟ್ಟೆ. ಆದ್ದರಿಂದ ಈ ಪತ್ರ. ಬೇಪೂರು ಬಂದರಿನಿಂದ ತರಕಾರಿ ತರುವ ಸರಕು ದೋಣಿಯನ್ನು ನಡೆಸುವ ಅಬೂ ಸ್ರಾಂಕ್ ಇದನ್ನು ಕೊಂಡೊಯ್ಯುತ್ತಾರೆ. ಅವರು ಪತ್ರಗಳನ್ನು ಇಡುವುದು ದ್ವೀಪದ ಬೆಲ್ಲದ ಪಾಕದ ಡಬ್ಬಿಗಳ ಪೆಟ್ಟಿಗೆಯಲ್ಲಿ. ನನ್ನ ಮಾತು ಸ್ವಲ್ಪ ಸಿಹಿಯಾಗಿ ತಲುಪಿದರೆ ಆಶ್ಚರ್ಯಪಡಬೇಡ.

ಇಲ್ಲಿ ರೋಗವೇ ಇಲ್ಲ. ಇಡೀ ದ್ವೀಪದಲ್ಲಿ ಒಂದು ಕೆಮ್ಮಿಲ್ಲ. ನಿನ್ನೆ ಕೆಮ್ಮು ಕೇಳಿಸಿತೆಂದು ಓಡಿದೆ. ಆಡು, ಚೀಲ ನುಂಗಿತ್ತು. ಘೋಷಣೆಗಾರನೊಬ್ಬನಿಗೆ ಇದಕ್ಕಿಂತ ದೊಡ್ಡ ವಿಪತ್ತು ಇದೆಯೆ? ಪ್ರವಾಹ, ನಿಪಾ, ಎರಡು ಚುನಾವಣೆ, ಒಂದು ಸರ್ಕಸ್ಸು, ಐದನೇ ವಾರ್ಡಿನ ಕಿವಿಗೆ ಬಿದ್ದದ್ದೆಲ್ಲ ನನ್ನ ಗಂಟಲಿನಿಂದಲೇ. ನೀನು ಸೂಚನೆ ಬರೆಯುತ್ತೀಯ, ಆದರೆ ಮೈಕು ಕಂಡರೆ ಹಿತ್ತಲ ಬಾಗಿಲಿನಿಂದ ಓಡುತ್ತೀಯ. ಹಾಗಾದರೆ ಈಗ ಓದುವವರು ಯಾರು?

ಸಹಜ ಕುತೂಹಲ, ಅಷ್ಟೆ.

ಇಂತು ನಿನ್ನ,
ಲಿಜೇಶ


ಪರಕ್ಕಡವು
12 ಏಪ್ರಿಲ್ 2020

ಲಿಜೇಶಾ,

ಪತ್ರ ಬಂತು. ಈಗ ಹೊರಗಿನ ಕಾಗದ ಯಾವುದಾದರೂ ಇಸ್ತ್ರಿ ಹಾಕದೆ ಒಳಗೆ ತರುವುದಿಲ್ಲ. ನಿನ್ನ ಪತ್ರದ ಬೆಲ್ಲ ಕಾದು ಇಸ್ತ್ರಿಪೆಟ್ಟಿಗೆಗೆ ಅಂಟಿತು, ಅಲ್ಲಿಂದ ಅಮ್ಮ ವಿಷು ಹಬ್ಬಕ್ಕೆ ಉಡಲೆಂದು ತೆಗೆದಿಟ್ಟ ಸೆಟ್ ಮುಂಡಿಗೆ ಅಂಟಿತು. ಅಮ್ಮ ಹೇಳಿದ್ದನ್ನು ಬರೆಯುವುದಿಲ್ಲ.

ಮದುವೆ ಮುಂದಕ್ಕೆ ಹೋಯಿತು. ಸಭಾಂಗಣ ಈಗ ಸಮುದಾಯ ಅಡುಗೆಮನೆ. ನಾವು ಮಾಲೆ ಬದಲಿಸಬೇಕಿದ್ದ ಜಾಗದಲ್ಲಿ ಸಾಂಬಾರಿನ ಕೊಪ್ಪರಿಗೆ ಕೂತಿದೆ. ಬೆಳಿಗ್ಗೆ ಊಟದ ಪೊಟ್ಟಣ, ಮಧ್ಯಾಹ್ನ ಔಷಧ, ಆಮೇಲೆ ಫೋನು. ಮೂಗಿನ ಮೇಲೆ ಮಾಸ್ಕಿನ ಗೆರೆ ಬಿದ್ದಿದೆ.

ಸೂಚನೆ ನಿಂತಿಲ್ಲ. ಶಿನೋಜನ ಆಟೋ ದಿನಾ ಐದಕ್ಕೆ ಬರುತ್ತದೆ. ಮೊದಲ ದಿನ ಎಲ್ಲರೂ ಕಿಟಕಿ ಮುಚ್ಚಿಕೊಂಡರು. ಆಮೇಲೆ ಏನಾಯಿತೋ, ಈಗ ಆ ದನಿ ಕೇಳಲೆಂದೇ ಅಷ್ಟು ಹೊತ್ತಿಗೆ ಕೆಲಸ ಮುಗಿಸಿ ಕಾಯುತ್ತಾರೆ. ಹೆಂಗಸರು ಗೇಟಿಗೆ ಬರುತ್ತಾರೆ.

ಮರದ ಉರು ಹಡಗು ಕಟ್ಟುತ್ತಿದ್ದ ಬೀರಾನ್ ಹಾಜಿಯಾರ್ ಗೊತ್ತಲ್ಲ, ಅವರ ಮಗ ಆಂಬುಲೆನ್ಸ್ ಓಡಿಸುತ್ತಾನೆ, ಅದಕ್ಕೆ ಮುದುಕರನ್ನು ಮಹಡಿಯ ಕೋಣೆಯಲ್ಲಿ ಬೇರೆ ಇರಿಸಿದ್ದಾರೆ. ಮೊದಲ ವಾರ ಊಟವನ್ನೇ ಬಿಟ್ಟಿದ್ದರು. ಈಗ ಐದಕ್ಕೆ ಕಿಟಕಿಯಲ್ಲಿ ಟೋಪಿ ಕಾಣುತ್ತದೆ. ಮೊನ್ನೆ ಆಟೋ ಸ್ವಲ್ಪ ತಡವಾಯಿತು. ಮೇಲಿಂದ ಕೂಗಿದರು: "ಮಗಳೇ, ಹುಡುಗನಿಗೆ ಏನಾದ್ರೂ ಆಯ್ತಾ? ಗಂಜಿ ಕುಡೀದೆ ಕೂತಿದೀನಿ!"

ಯಾರು ಓದುತ್ತಾರೆ ಎಂದು ಕೇಳಿದ್ದೀಯ. ಫೋನು ಹೊಡೆದುಕೊಳ್ಳುತ್ತಿದೆ. ಮುಗಿಸುತ್ತೇನೆ.

ಪ್ರಜಿ


ಆಂದ್ರೋತ್
18 ಏಪ್ರಿಲ್ 2020

ಪ್ರಿಯ ಪ್ರಜಿನಾ,

ನಿನ್ನ ಪತ್ರವನ್ನು ಎರಡು ಸಲ ಓದಿ, ಮಡಿಸಿ, ಮತ್ತೆ ಬಿಚ್ಚಿ ಓದಿದೆ. ಸಾರ್ವಜನಿಕ ಹಿತದೃಷ್ಟಿಯಿಂದ ಕೆಲವು ಸ್ಪಷ್ಟೀಕರಣಗಳು ಬೇಕಾಗಿವೆ.

ಶಿನೋಜ! ಆ ಶಿನೋಜ! ಶಾಲೆಯ ನಾಟಕದಲ್ಲಿ ಮರದ ಪಾತ್ರ ಕೊಟ್ಟರೆ ಅದನ್ನೂ ಮರೆತು ಕೂತುಬಿಟ್ಟ ಮಹಾಕಲಾವಿದ. ಆಟೋ ಹಿಂದಕ್ಕೆ ತೆಗೆಯುವಾಗ ಬರುವ ಸದ್ದು ಯಾವುದು, ಅವನು ಮಾತಾಡುವುದು ಯಾವುದು ಎಂದು ಬೀದಿನಾಯಿಗಳಿಗೇ ಗೊತ್ತಾಗುತ್ತಿರಲಿಲ್ಲ. ಅವನ ದನಿಗೆ ಹೆಂಗಸರು ಗೇಟಿಗೆ ಬರುತ್ತಾರೆಯೆ? ಬೈಯುವುದಕ್ಕೆ ಬರುತ್ತಿರಬಹುದು, ಸರಿಯಾಗಿ ನೋಡು.

ಆ ಆಟೋ ನಿಮ್ಮ ಗೇಟಿನ ಮುಂದೆ ನಿಲ್ಲುತ್ತದೆಯೆ, ಅಥವಾ ಎಲ್ಲ ಮನೆಗಳ ಮುಂದೆ ಸಮಾನವಾಗಿ ನಿಲ್ಲುತ್ತದೆಯೆ? ನಿಂತಾಗ ಅವನಿಗೆ ಚಹಾ ಕೊಡುವ ಪದ್ಧತಿ ಇದೆಯೆ? ಬರೀ ಚಹಾವೋ, ಜೊತೆಗೆ ನಿಮ್ಮಮ್ಮನ ಪಳಂಪೊರಿಯೂ ಇದೆಯೋ? ಆ ಕರಿದ ಬಾಳೆಹಣ್ಣಿನ ಪಳಂಪೊರಿ ನನ್ನ ಲೆಕ್ಕದಲ್ಲಿ ಕಾಯ್ದಿರಿಸಿದ್ದು ಎಂದು ನಿಶ್ಚಿತಾರ್ಥದ ದಿನವೇ ಮಾತಾಗಿತ್ತು. ನೀನು ಬರೆದ ಸೂಚನೆ ಅವನ ಕೈಗೆ ಕೊಡುವಾಗ ಅಂತರ ಪಾಲಿಸುತ್ತೀಯೆ?

ನಾನು ಹೊಟ್ಟೆಕಿಚ್ಚು ಪಡುತ್ತಿಲ್ಲ. ಇದು ಆರೋಗ್ಯದ ಪ್ರಶ್ನೆ.

ಇಲ್ಲಿ ಕೋಯಾರ ಅಪ್ಪಣೆ ಪಡೆದು ಹಾರ್ನು ಒಂದನ್ನು ತೆಂಗಿನ ಮರಕ್ಕೆ ಕಟ್ಟಿ, ಸಮುದ್ರದ ಕಡೆ ತಿರುಗಿಸಿ, "ನಾಗರಿಕರೇ, ಕೈ ತೊಳೆಯಿರಿ" ಎಂದೆ. ಸುತ್ತ ಕಂಡಷ್ಟೂ ನೀರೇ. ಕೋಯಾರ ತಾಯಿ ಬೀಬಿಯುಮ್ಮ ಒಳಗಿನಿಂದ ಕೂಗಿದರು: "ಯಾರಪ್ಪಾ ಅದು ಗಂಟಲು ಹರ್ಕೊಳ್ಳೋನು? ಕೂಸು ಈಗ ತಾನೇ ಮಲಗಿದೆ!" ಹಾರ್ನು ಇಳಿಸಿದೆ.

ಐದಾಗುತ್ತಲೇ ನನಗೆ ಕೂರಲಾಗುವುದಿಲ್ಲ, ಪ್ರಜಿ. ಪೂರ್ವದ ದಂಡೆಗೆ ಹೋಗಿ ನಿಲ್ಲುತ್ತೇನೆ. ಏನೂ ಕೇಳಿಸುವುದಿಲ್ಲ.

ಉತ್ತರ ವಿವರವಾಗಿರಲಿ.

ಲಿಜೇಶ


ಪರಕ್ಕಡವು
25 ಏಪ್ರಿಲ್ 2020

ಲಿಜೇಶಾ,

ವಿವರವಾಗಿ ಬೇಕೆ? ತಗೋ.

ಆಟೋ ನಮ್ಮ ಗೇಟಿನ ಮುಂದೆ ನಿಲ್ಲುತ್ತದೆ. ಬೇರೆಡೆಗಿಂತ ಸ್ವಲ್ಪ ಜಾಸ್ತಿ ಹೊತ್ತೇ ನಿಲ್ಲುತ್ತದೆ. ಚಹಾ ಕೊಡುತ್ತೇವೆ. ಪಳಂಪೊರಿ ಎರಡು. ರಂಜಾನ್ ಶುರುವಾದ ಮೇಲೆ ಸಂಜೆಯಲ್ಲಿ ಇನ್ನೂ ಕಳೆ ಬಂದಿದೆ.

ಆ ದನಿಯ ವಿಷಯ. ಹೇಳುವುದೆಲ್ಲ ಗೊತ್ತಿದ್ದದ್ದೇ, ಕೈ ತೊಳೆಯಿರಿ, ಹೊರಗೆ ಬರಬೇಡಿ. ಆದರೆ ಹೇಳುವ ರೀತಿ ಇದೆಯಲ್ಲ, ಮಂತ್ರಿಯ ಗತ್ತು, ಅದರ ಹಿಂದೆ ತಡೆದಿಟ್ಟ ನಗು. ನನಗೆ ಹಳೆಯ ಪರಿಚಯದ ದನಿಯೇ. ಆದರೆ ಇಷ್ಟು ಜನರ ನಡುವೆ ನಿಂತು ಕೇಳಿದಾಗ ಇದು ಇಷ್ಟು ಚೆಂದವಿತ್ತೆ ಅನ್ನಿಸಿತು. ಜ್ವರದಲ್ಲಿ ಮಲಗಿದವರು ಎದ್ದು ಕೂರುವಂಥ ದನಿ.

ನಮ್ಮ ವಾರ್ಡ್ ಸದಸ್ಯೆ ವಿಲಾಸಿನಿಚೇಚಿ ನಿನ್ನೆ ಎಲ್ಲರೆದುರು ಹೇಳಿದರು: "ಇಂಥಾ ದನಿ ಮನೇಲಿದ್ರೆ ಟಿ.ವಿ.ನ ಗುಜರಿಗೆ ಹಾಕ್ಬಹುದು. ಅಲ್ವೇನೇ ಪ್ರಜೀ?"

ನಾನು ನಾಚಿಕೊಂಡೆ ಎಂದು ಅಮ್ಮ ಹೇಳುತ್ತಾಳೆ. ಬಿಸಿಲಿಗೆ ಮುಖ ಕೆಂಪಾಗಿತ್ತು ಎಂದು ನಾನು ಹೇಳುತ್ತೇನೆ.

ಗೆಳೆಯರ ಮುಂದೆಲ್ಲ ನನ್ನನ್ನು ಗೋಳು ಹೊಯ್ದುಕೊಂಡವನು ನೀನು. ನಿಶ್ಚಿತಾರ್ಥದ ದಿನ ಉಂಗುರದ ಡಬ್ಬಿಯಲ್ಲಿ ಹಲಸಿನ ಬೀಜ ಇಟ್ಟವನು. ದಂಡೆಯಲ್ಲಿ ನಿಂತಿರು. ಗಾಳಿ ಒಳ್ಳೆಯದು.

ಪ್ರಜಿ


ಆಂದ್ರೋತ್
30 ಏಪ್ರಿಲ್ 2020

ಕುಮಾರಿ ಪ್ರಜಿನಾ ಅವರಿಗೆ,

ತಮ್ಮ ಪತ್ರ ತಲುಪಿತು. ವಿವರಗಳಿಗೆ ಧನ್ಯವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಗಾಳಿ ಚೆನ್ನಾಗಿದೆ.

ಲಿಜೇಶ್ ಕೆ.


30 ಏಪ್ರಿಲ್ 2020

ಗೆ,
ಸದಸ್ಯರು, ಐದನೇ ವಾರ್ಡು, ಪರಕ್ಕಡವು

ವಿಷಯ: ಸಂಜೆ ಐದು ಗಂಟೆಯ ಧ್ವನಿಯಿಂದ ಸಾರ್ವಜನಿಕ ಆರೋಗ್ಯಕ್ಕೆ ಒದಗಿರುವ ಗಂಡಾಂತರ

ಮಾನ್ಯರೇ,

ತಮ್ಮ ವಾರ್ಡಿನಲ್ಲಿ ಪ್ರತಿದಿನ ಆಟೋ ಒಂದರಿಂದ ಹೊರಡುವ ಧ್ವನಿಯು ಮಿತಿಮೀರಿ ಮಧುರವಾಗಿರುವುದು ಕೆಳಗೆ ಸಹಿ ಮಾಡಿರುವವನ ಗಮನಕ್ಕೆ ಬಂದಿದೆ. ಮನೆಯೊಳಗಿರಿ ಎಂದು ಹೇಳಬೇಕಾದ ಧ್ವನಿಯನ್ನು ಕೇಳಲು ಜನರು ಮನೆಯಿಂದ ಹೊರಬರುತ್ತಿದ್ದಾರೆ. ಗೇಟುಗಳ ಬಳಿ ಗುಂಪು ಸೇರುತ್ತಿದೆ. ಮಾಸ್ಕುಗಳು ಗದ್ದಕ್ಕೆ ಇಳಿದಿವೆ. ನಾಚಿಕೆ ಮುಂತಾದ ಲಕ್ಷಣಗಳೂ ಕೆಲವರಲ್ಲಿ ಕಾಣಿಸಿಕೊಂಡಿವೆ. ಇಂಥ ಧ್ವನಿಯನ್ನು ತಕ್ಷಣ ನಿಲ್ಲಿಸಿ, ಅದರ ಒಡೆಯನನ್ನು ಏಕಾಂತದಲ್ಲಿರಿಸಬೇಕೆಂದು ಕೋರುತ್ತೇನೆ.

ಇಂತು,
ಒಬ್ಬ ಜವಾಬ್ದಾರಿಯುತ ನಾಗರಿಕ

ಪ್ರತಿ: ಠಾಣೆಯ ಎಸ್.ಐ. ಅವರಿಗೆ
ಪ್ರತಿ: ವೈದ್ಯಾಧಿಕಾರಿಗಳಿಗೆ
ಪ್ರತಿ: ಇತಿಹಾಸಕ್ಕೆ


ಪರಕ್ಕಡವು
8 ಮೇ 2020

ಲಿಜೇಶಾ,

ಐದಾರು ದಿನದ ಹಿಂದೆ ವಿಲಾಸಿನಿಚೇಚಿ ನನ್ನನ್ನು ಕರೆದು ಮೇಜಿನ ಮೇಲಿನ ಕಾಗದ ತೋರಿಸಿದರು. "ಪ್ರಜೀ, ಈ ಜವಾಬ್ದಾರಿಯುತ ನಾಗರಿಕನಿಗೆ ಇರುವೆ ಯಾಕೆ ಮುತ್ತಿದೆ, ನೋಡೇ."

ಮೇಜಿನ ಕಾಲಿನಿಂದ ಕಾಗದದವರೆಗೆ ಸಾಲು. ಬೆರಳಿಟ್ಟರೆ ಅಂಟು. ನಮ್ಮ ವಾರ್ಡಿನಲ್ಲಿ ಬೆಲ್ಲದ ಪಾಕದಲ್ಲಿ ಅದ್ದಿ ದೂರು ಬರೆಯುವವರು ಯಾರೂ ಇಲ್ಲ.

ನಾವಿಬ್ಬರೂ ನಕ್ಕೆವು. ನಗು ಅಲ್ಲಿಗೇ ಮುಗಿಯಿತು. ಎಸ್.ಐ. ಈ ಊರಿಗೆ ಹೊಸಬರು, ನಿನ್ನನ್ನು ಬಲ್ಲವರಲ್ಲ. ಅವರು ಪ್ರತಿಯನ್ನು ಇಸ್ತ್ರಿ ಹಾಕಿಸಿ, ಓದಿ, ನಂಬಿದರು. "ಲಿಖಿತ ದೂರು ಬಂದಿದೆ. ಗುಂಪು ಸೇರೋದು ನಿಜ ತಾನೇ? ಆಟೋ ನಿಲ್ಸಿ" ಅಂದರು. ಗುಂಪು ಸೇರುತ್ತಿದ್ದದ್ದು ನಿಜವೇ. ಅಂದಿನಿಂದ ಐದಕ್ಕೆ ಪೊಲೀಸ್ ಜೀಪು ಸೈರನ್ ಹಾಕಿಕೊಂಡು ಹೋಗುತ್ತದೆ.

ಈಗ ನಿನ್ನ ಮೊದಲ ಪ್ರಶ್ನೆಗೆ ಉತ್ತರ. ಓದುವವರು ಯಾರು? ನೀನೇ.

ಎರಡು ವರ್ಷದ ಹಿಂದೆ ನನಗೆ ಸೀತಾಳೆ ಸಿಡುಬು ಬಂದು ಹಿಂದಿನ ಕೋಣೆಯಲ್ಲಿ ಮಲಗಿದ್ದಾಗ, ದಿನಾ ಸಂಜೆ ಫೋನಿಗೆ ದನಿ ಕಳಿಸುತ್ತಿದ್ದೆಯಲ್ಲ, ಸರ್ಕಾರಿ ಘೋಷಣೆ ಮಾಡಿದ ಹಾಗೆ? ಒಂದನ್ನೂ ಅಳಿಸಿರಲಿಲ್ಲ. ಈ ಸಲ ಆಟೋ ಹೊರಟ ಮೊದಲ ದಿನ, ಶಿನೋಜ ಓದಿದ ಸೂಚನೆಯನ್ನು ನನ್ನ ಫೋನಿನಲ್ಲಿ ಮುದ್ರಿಸಿ ಅಲ್ಲಿಂದ ಮೈಕಿಗೆ ಕೊಟ್ಟೆವು. ಅದು ಮುಗಿದದ್ದೇ ಫೋನು ತಾನಾಗಿಯೇ ಮುಂದಿನದಕ್ಕೆ ಹೋಯಿತು. ನಾಲ್ಕು ದಾರಿ ಸೇರುವಲ್ಲಿ ನಿನ್ನ ದನಿ: "ನಾಗರಿಕರೇ, ಭಯ ಬೇಡ. ಬಾಗಿಲು ಹಾಕಿಕೊಳ್ಳಿ, ಗಂಜಿ ಕುಡಿಯಿರಿ, ಕೈ ತೊಳೆಯಿರಿ. ಅಳಬೇಕೆನ್ನಿಸಿದರೆ ಧಾರಾಳವಾಗಿ ಅಳಿರಿ. ಆದರೆ ಐದರೊಳಗೆ ಮುಗಿಸತಕ್ಕದ್ದು. ಆಮೇಲೆ ನಾನು ಬರುತ್ತೇನೆ."

ನಾನು ನಾಚಿಕೆಯಿಂದ ಸತ್ತೆ. ಆದರೆ ಮುಚ್ಚಿದ್ದ ಕಿಟಕಿಗಳು ಒಂದೊಂದಾಗಿ ತೆರೆದವು. ಮಾರನೇ ದಿನ ಹಾಜಿಯಾರ್ ಮೇಲಿಂದ ಕೇಳಿದರು, "ಎಲ್ಲಿ, ಐದರೊಳಗೆ ಮುಗಿಸು ಅನ್ನೋ ಹುಡುಗ?"

ನಿನಗೆ ಹೇಳಬೇಕೆಂದೇ ಇದ್ದೆ. ನನಗೊಬ್ಬಳಿಗೆ ಕಳಿಸಿದ್ದನ್ನು ಇಡೀ ವಾರ್ಡಿಗೆ ಹಂಚಿದ್ದೇನೆಂದು ಹೇಗೆ ಬರೆಯಲಿ ಎಂದು ಮೊದಲು ಬಿಟ್ಟೆ. ಆಮೇಲೆ ನಿನ್ನ ಹೊಟ್ಟೆಕಿಚ್ಚು ನೋಡಿ, ಇವನೂ ಒಂದು ಸಲ ಗೋಳಾಡಲಿ ಎಂದು ಬಿಟ್ಟೆ. ಶಿನೋಜ ಬರೀ ಆಟೋ ಓಡಿಸುತ್ತಾನೆ. ಪಳಂಪೊರಿ ತಿಂದದ್ದು ಮಾತ್ರ ನಿಜ.

ಇನ್ನು ಕೇಳು. ದನಿ ನಿಂತು ಕೆಲವು ದಿನಕ್ಕೆ ಹಾಜಿಯಾರ್ ಮಹಡಿ ಇಳಿದು, ನೆಟ್ಟಗೆ ನಿಮ್ಮ ಮನೆಗೆ ನಡೆದುಕೊಂಡು ಹೋದರು. ನಿನ್ನಮ್ಮ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಜಾನೂ, ಹುಡುಗನಿಗೆ ಹುಷಾರಿಲ್ವಾ? ದನೀನೇ ಇಲ್ಲ."

"ಅವ್ನು ದ್ವೀಪದಲ್ಲಿದಾನೆ ಹಾಜಿಯಾರೇ. ಚೆನ್ನಾಗೇ ಇದಾನೆ."

"ದ್ವೀಪದಲ್ಲಿರೋನು ದಿನಾ ಐದಕ್ಕೆ ಇಲ್ಲಿಗೆ ಹೇಗೆ ಬರ್ತಿದ್ದ? ನನ್ನ ಹತ್ರ ಮುಚ್ಚಿಡ್ಬೇಡ. ಅವನಿಗೂ ಬಂತಾ? ಆಸ್ಪತ್ರೇಲಿದಾನಾ?"

ಎಷ್ಟು ಹೇಳಿದರೂ ನಂಬಲಿಲ್ಲವಂತೆ. ಕಣ್ಣೊರೆಸಿಕೊಂಡು ಹೊರಟರು. ದಾರಿಯಲ್ಲಿ ದಣಿವಾಗಿ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಕೂತಿದ್ದವನು ಹೊರಗಿನಿಂದ ತರಕಾರಿ ತಂದ ಲಾರಿಯವನು. ಅವನಿಗೆ ರೋಗವಿದೆಯೆಂದು ನಿನ್ನೆ ಗೊತ್ತಾಯಿತು. ರಾತ್ರಿಯೇ ಹಾಜಿಯಾರ್‌ಗೂ ಜ್ವರ. ಅವರ ಮಗನೇ ಆಂಬುಲೆನ್ಸಿನಲ್ಲಿ ಕರೆದೊಯ್ದ. ಪರೀಕ್ಷೆಗೆ ಕೊಟ್ಟಿದ್ದಾರೆ.

ದೂರು ಕೊಟ್ಟವನೇ ಹೆಸರು ಹಾಕಿ ವಾಪಸು ಪಡೆದರೆ ಆಟೋ ಬಿಡುತ್ತೇನೆ ಎಂದಿದ್ದಾರೆ ಎಸ್.ಐ. ಮಳೆಗಾಲಕ್ಕೆ ಸರಕು ದೋಣಿಗಳು ನಿಲ್ಲುವ ಹೊತ್ತಾಯಿತು. ಇದರ ಉತ್ತರಕ್ಕೆ ಬಹುಶಃ ಇನ್ನೊಂದೇ ದೋಣಿ ಉಳಿದಿದೆ.

ತಮಾಷೆ ಬೇಡ.

ಪ್ರಜಿ


ಆಂದ್ರೋತ್
12 ಮೇ 2020

ಪ್ರಜಿ,

ಬರೆಯಲು ಕೂತು ಬಹಳ ಹೊತ್ತಾಯಿತು. ನನಗೆ ಬರುವುದು ಒಂದೇ ದನಿ, ಅದು ಈಗ ಕೈಕೊಟ್ಟಿದೆ.

ಇಷ್ಟು ದಿನ ದಂಡೆಯಲ್ಲಿ ನಿಂತು ಒಬ್ಬನನ್ನು ಸಮುದ್ರಕ್ಕೆ ತಳ್ಳುತ್ತಿದ್ದೆ, ಮನಸ್ಸಿನಲ್ಲೇ. ಅವನು ನಾನೇ ಅಂತೆ. ಬೀಬಿಯುಮ್ಮನಿಗೆ ಹೇಳಿದೆ. ಅವರು ನಗಲಿಲ್ಲ. "ಆ ಮುದುಕ ಊಟ ಮಾಡ್ತಿದಾನಾ ಅಂತ ಮೊದಲು ಕೇಳು" ಅಂದರು. ಊಟ ಮಾಡುತ್ತಿದ್ದಾರೆಯೆ?

ನಾನು ಬೇಡ ಅಂದದ್ದು ಶಿನೋಜನ ದನಿಯನ್ನು. ಅದು ಹಾಜಿಯಾರ್‌ಗೆ ಏನು ಎಂದು ಕೇಳಲೇ ಇಲ್ಲ. ನೀನು ಮೊದಲ ಪತ್ರದಲ್ಲೇ ಬರೆದಿದ್ದೆ, ಅವರು ಊಟ ಬಿಟ್ಟಿದ್ದರೆಂದು. ಆ ಸಾಲನ್ನು ಹಾರಿಸಿ, ಗೇಟಿಗೆ ಬಂದ ಹೆಂಗಸರ ಸಾಲನ್ನೇ ಮತ್ತೆ ಮತ್ತೆ ಓದಿದೆ.

ನೀನೂ ಹೇಳಬಹುದಿತ್ತು. ಅದನ್ನು ಬರೆಯದೆ ಬಿಡಲಾಗಲಿಲ್ಲ.

ಇನ್ನೊಂದು ಮಾತೂ ಇದೆ, ನಗಬೇಡ. ನನ್ನದೇ ದನಿ ಎಂದು ಗೊತ್ತಾದ ಮೇಲೂ ಕಿಚ್ಚು ಆರಿಲ್ಲ. ಆ ಮಾತುಗಳನ್ನು ನಿನ್ನ ಕೋಣೆಯ ಬಾಗಿಲಿಗೆ ಕಳಿಸಿದ್ದೆ. ಈಗ ಇಡೀ ವಾರ್ಡಿನ ಮೇಲೆ ಹೊಟ್ಟೆಕಿಚ್ಚು. ಆದರೂ ಹಾಕು. ಎಲ್ಲವನ್ನೂ ಹಾಕು. ಆಸ್ಪತ್ರೆಯವರು ಬಿಟ್ಟರೆ ಮೊದಲು ಹಾಜಿಯಾರ್ ಕಿವಿಗೆ ಹಾಕು.

ದೂರು ವಾಪಸು ಪಡೆದ ಕಾಗದ ಜೊತೆಗಿದೆ. ಪೂರ್ತಿ ಹೆಸರು, ಮನೆಯ ಹೆಸರು, ಸಹಿ. ಅದೇ ಜನರಿಗೆ ಪ್ರತಿ. ಅಬೂ ಸ್ರಾಂಕ್ ಅವರ ಕಾಲು ಹಿಡಿದು ಬೆಲ್ಲದ ಪೆಟ್ಟಿಗೆಯಲ್ಲಿಡಬೇಡಿ ಎಂದಿದ್ದೇನೆ. ಕುರಾನಿನ ಜೊತೆ ಇಟ್ಟುಕೊಂಡಿದ್ದಾರೆ. ಊರಿಗೆ ಮರಳುವವರನ್ನು ಸದ್ಯದಲ್ಲೇ ಹಡಗಿನಲ್ಲಿ ಬಿಡುತ್ತಾರಂತೆ. ಹೆಸರು ಕೊಟ್ಟಿದ್ದೇನೆ.

ಲಿಜೇಶ


ಪರಕ್ಕಡವು
23 ಮೇ 2020
(ಊಟದ ಪೊಟ್ಟಣದ ಜೊತೆ)

ಲಿಜೇಶಾ,

ನಿನ್ನೆ ನಿಮ್ಮ ಹಡಗಿನವರನ್ನು ಕ್ವಾರಂಟೈನಿಗೆಂದು ಶಾಲೆಗೆ ಕರೆತಂದಾಗ ಗೇಟಿನಾಚೆ ನಿಂತಿದ್ದೆ. ಮಾಸ್ಕಿನಲ್ಲಿ ನಿನಗೆ ಗುರುತು ಸಿಗಲಿಲ್ಲ. ನಿನ್ನದು ಸಿಕ್ಕಿತು, ಅದೇ ಮೂರನೇ ಅಂಗಿ.

ಹಾಜಿಯಾರ್‌ಗೆ ಆ ರೋಗವಲ್ಲ. ಎರಡು ಸಲ ನೋಡಿದರು. ಬರೀ ಶೀತಜ್ವರ. ಮನೆಗೆ ಬಂದು ಮತ್ತೆ ಮಹಡಿ ಹತ್ತಿದ್ದಾರೆ. ಆಸ್ಪತ್ರೆಯಲ್ಲಿ ನರ್ಸ್ ದಿನಾ ನಿನ್ನ ದನಿ ಹಾಕುತ್ತಿದ್ದಳಂತೆ. ನೀನು ಹುಷಾರಾಗಿ ಆಸ್ಪತ್ರೆಯಿಂದ ಬಂದೆ ಎಂದೇ ಅವರು ತಿಳಿದಿದ್ದಾರೆ. ತಿದ್ದುವವರು ಯಾರೂ ಇಲ್ಲ.

ಎಸ್.ಐ. ಆಟೋ ಬಿಟ್ಟರು. "ಇತಿಹಾಸಕ್ಕೂ ಒಂದು ಪ್ರತಿ ಹೋಗಿದ್ಯಾ?" ಎಂದು ಕೇಳಿದರು.

ಪೊಟ್ಟಣದಲ್ಲಿ ಪಳಂಪೊರಿ ಇದೆ. ನಾಳೆ ಐದಕ್ಕೆ ಕಿಟಕಿಯಲ್ಲಿರು.

ಪ್ರಜಿ


ಸರ್ಕಾರಿ ಶಾಲೆ, ಮೂರನೇ ಕೋಣೆ
24 ಮೇ 2020

ಗೆ,
ಆರೋಗ್ಯ ಸ್ವಯಂಸೇವಕಿ, ಐದನೇ ವಾರ್ಡು

ವಿಷಯ: ಇಂದು ಸಂಜೆಯ ಘಟನೆಯ ಕುರಿತು ವರದಿ

ಮಾನ್ಯರೇ,

ಇಂದು ಈದ್. ಐದಕ್ಕೆ ಸರಿಯಾಗಿ ಶಿನೋಜನ ಆಟೋ ಶಾಲೆಯ ಗೇಟಿಗೆ ಬಂದು ನಿಂತಿತು. ನನ್ನ ದನಿ ಕೇಳಲು ನಾನು ತಲೆ ಬಾಚಿಕೊಂಡು ಕಿಟಕಿಯಲ್ಲಿ ಸಿದ್ಧನಾಗಿದ್ದೆ. ಮೈಕಿನಲ್ಲಿ ಮೊದಲು ಉಸಿರಿನ ಸದ್ದು. ಆಮೇಲೆ ಏನೋ ಬಿದ್ದ ಸದ್ದು. ಆಮೇಲೆ ಶಿನೋಜ, "ಹಿಡ್ಕೊಳೇ, ಅದು ಕಚ್ಚಲ್ಲ." ಆಮೇಲೆ ನೀನು.

"ನಾಗರಿಕರೇ," ಎಂದೆ. ಅಲ್ಲಿಗೇ ನಿಲ್ಲಿಸಿದೆ. ಎದುರು ಮನೆಯ ಮಹಡಿಯಿಂದ ಹಾಜಿಯಾರ್ ಕೂಗಿದರು: "ಹೇಳು ಮಗಳೇ, ನಾವೆಲ್ಲ ಇಲ್ಲೇ ಇದೀವಿ!"

"ದ್ವೀಪದಿಂದ ಬಂದು ಮೂರನೇ ಕೋಣೇಲಿರೋರ ಗಮನಕ್ಕೆ. ಭಯ ಬೇಡ. ಗಂಜಿ ಕುಡೀರಿ. ಕೈ ತೊಳೀರಿ. ಅಳ್ಬೇಕು ಅನ್ಸಿದ್ರೆ ಅಳಿ. ಐದರೊಳಗೆ ಮುಗಿಸ್ಬೇಕು. ಆಮೇಲೆ… ಆಮೇಲೆ ನಾನು ಬಂದಿದೀನಿ."

ಗೇಟುಗಳೆಲ್ಲ ತುಂಬಿದ್ದವು. ನನ್ನ ಕೋಣೆಯಲ್ಲಿರುವ, ಕವರತ್ತಿ ದ್ವೀಪಕ್ಕೆ ಕೆಲಸಕ್ಕೆ ಹೋಗಿದ್ದ ಇಬ್ಬರು ಹುಡುಗರು, "ಯಾರ್ ಮಾರಾಯ ಆ ಹುಡುಗಿ? ನಾಳೇನೂ ಬರ್ತಾಳಾ?" ಎಂದು ಕೇಳಿ, ಕಿಟಕಿಯಲ್ಲಿ ನನ್ನನ್ನು ಪಕ್ಕಕ್ಕೆ ತಳ್ಳಿ ನಿಂತರು. ಅವರ ವಿರುದ್ಧ ದೂರು ಬರೆಯಲು ಕಾಗದ ತೆಗೆದೆ. ಅದೇ ಕಾಗದ ಇದು.

ಬರೆಯಲಾಗಲಿಲ್ಲ. ಬದಲಿಗೆ ಈ ಕೆಳಗಿನದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಮೂರನೇ ಕೋಣೆಯ ಒಬ್ಬ ನಾಗರಿಕ ಐದು ಗಂಟೆ ಕಳೆದ ಮೇಲೂ ಅಳುತ್ತಿದ್ದ. ನಿಯಮ ಗೊತ್ತಿದ್ದೂ, ತಾನೇ ಮಾಡಿದ ನಿಯಮವಾಗಿದ್ದೂ ಅಳುತ್ತಿದ್ದ. ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ.

ಇಂತು,
ಲಿಜೇಶ

ಪ್ರತಿ: ಯಾರಿಗೂ ಇಲ್ಲ. ಇದು ನಿನಗೊಬ್ಬಳಿಗೆ.